ಬಾಖ್‌ನ ಮೂರನೇ ಬ್ರಾಂಡೆನ್‌ಬರ್ಗ್ ಕನ್ಚೆರ್ಟೊ: ಕೇಳುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಯೊಹಾನ್ ಸೆಬಾಸ್ಟಿಯನ್ ಬಾಖ್‌ನ ಜಿ ಮೇಜರ್ ಕನ್ಚೆರ್ಟೊ (ಬಾಖ್ ಕೃತಿಗಳ ಪಟ್ಟಿಯಲ್ಲಿ ಬಿಡಬ್ಲ್ಯೂವಿ 1048) ಕೇಳಿದವರಲ್ಲಿ ಹೆಚ್ಚಿನವರು ಒಂದೋ ಅದಕ್ಕೆ ಮರುಳಾಗುತ್ತಾರೆ, ಇಲ್ಲವೇ ತಲೆ ಸುತ್ತಿತು ಎನ್ನುತ್ತಾರೆ. ಎರಡಕ್ಕೂ ಕಾರಣ ಬಹುಮಟ್ಟಿಗೆ ಒಂದೇ, ಅದು ಸ್ವರಲಿಪಿಯ ಹಾಳೆಯಲ್ಲೇ ಸಿಗುತ್ತದೆ. ಸಂಗೀತಶಾಸ್ತ್ರ ಗೊತ್ತಿಲ್ಲದವರಿಗೂ ಅರ್ಥವಾಗಲಿ ಎಂದು ಉತ್ತರಗಳನ್ನು ಬರೆದಿದೆ.

ಕೇಳುವಾಗ ಖುಷಿಯಾಗುತ್ತದೆ. ಆಮೇಲೆ ಗುನುಗಲು ಹೋದರೆ ಏನೂ ಬಾಯಿಗೆ ಬರುವುದಿಲ್ಲ. ಯಾಕೆ?

ಗುನುಗುವುದಕ್ಕೆ ಒಂದೇ ಒಂದು ಹಾಡಿನ ಎಳೆ ಬೇಕು. ಇಲ್ಲಿ ಆ ಎಳೆ ಯಾರೊಬ್ಬರ ಕೈಯಲ್ಲೂ ನಿಲ್ಲುವುದಿಲ್ಲ. ಮೂರು ವಯಲಿನ್, ಅದಕ್ಕಿಂತ ದೊಡ್ಡದಾದ ಮೂರು ವಯೊಲ, ಇನ್ನೂ ದೊಡ್ಡದಾದ ಮೂರು ಚೆಲ್ಲೊ, ಕೆಳಗೆ ಆಧಾರಕ್ಕೆ ವಯೊಲೋನೆ ಎಂಬ ದೊಡ್ಡ ತಂತಿವಾದ್ಯ, ಜೊತೆಗೆ ಹಾರ್ಪ್ಸಿಕಾರ್ಡ್ ಎಂಬ ಕೀಲಿಮಣೆ ವಾದ್ಯ. ಒಟ್ಟು 11 ಜನ. ಮೊದಲ ವಯಲಿನ್ ಅರ್ಧ ಹೇಳಿದ್ದನ್ನು ಎರಡನೆಯದು ಮುಗಿಸುತ್ತದೆ. ಅಷ್ಟರಲ್ಲಿ ವಯೊಲಗಳು ಅದನ್ನೇ ಕೆಳಸ್ಥಾಯಿಯಲ್ಲಿ ಎತ್ತಿಕೊಂಡಿರುತ್ತವೆ.

ಹಾಡಿನ ಬದಲು ಲಯ ಹಿಡಿಯಿರಿ. ಕೃತಿ ಶುರುವಾಗುವುದೇ ಎರಡು ಗಿಡ್ಡ, ಒಂದು ಉದ್ದ ಸ್ವರದಿಂದ: ‘ತಕ ತಾ’. ಸ್ವರದಲ್ಲಿ ಹೇಳುವುದಾದರೆ ‘ಸನಿ ಸಾ’. ಮೊದಲ ಮೂವ್‌ಮೆಂಟ್ (ಕೃತಿಯ ಮೊದಲ ಭಾಗ) ಬಹುಪಾಲು ಈ ಮೂರು ಸ್ವರದ ತುಣುಕಿನಿಂದಲೇ ಕಟ್ಟಿದ್ದು. ಕಾಲು ತಾನಾಗಿ ತಾಳ ಹಾಕುವುದಕ್ಕೂ ಇದೇ ಕಾರಣ. ಪ್ರತಿ ಗಿಡ್ಡ ಜೋಡಿಯೂ ಮುಂದಿನ ಉದ್ದ ಸ್ವರದ ಕಡೆಗೆ ತಳ್ಳುತ್ತಿರುತ್ತದೆ, ನಿಲ್ಲಲು ಜಾಗವೇ ಕೊಡುವುದಿಲ್ಲ.

ಕನ್ಚೆರ್ಟೊ ಅಂದರೆ ಸಾಮಾನ್ಯವಾಗಿ ಮುಖ್ಯ ವಾದಕರು ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿ. ಇಲ್ಲಿ ಮುಖ್ಯ ವಾದಕರು ಯಾರು?

ಯಾರೂ ಇಲ್ಲ. ಅಥವಾ ವಯಲಿನ್, ವಯೊಲ, ಚೆಲ್ಲೊದ 9 ಜನರೂ ಮುಖ್ಯರೇ. ಆರು ಕೃತಿಗಳ ಈ ಗುಚ್ಛದ ಬೇರೆ ಕನ್ಚೆರ್ಟೊಗಳಲ್ಲಿ ಎದ್ದು ಕಾಣುವವರಿದ್ದಾರೆ: ಎರಡನೆಯದರಲ್ಲಿ ಟ್ರಂಪೆಟ್, ನಾಲ್ಕನೆಯದರಲ್ಲಿ ವಯಲಿನ್, ಐದನೆಯದರಲ್ಲಿ ಹಾರ್ಪ್ಸಿಕಾರ್ಡ್. ಮೂರನೆಯದರಲ್ಲಿ ಅದೇ 9 ವಾದ್ಯಗಳು ಒಮ್ಮೆ ಒಟ್ಟಾಗಿ ಆರ್ಕೆಸ್ಟ್ರಾ ಆಗುತ್ತವೆ, ಮರುಕ್ಷಣ ಒಡೆದು ಮೂರು ಗುಂಪಾಗುತ್ತವೆ, ಇನ್ನೊಂದು ಕ್ಷಣಕ್ಕೆ ಒಬ್ಬೊಬ್ಬರಾಗಿ ಮಾತಾಡುತ್ತವೆ. ‘ಯಾರನ್ನು ಕೇಳಬೇಕೋ ತಿಳಿಯಲಿಲ್ಲ’ ಎಂಬ ದೂರು ಬರುವುದು ಇದರಿಂದಲೇ.

3 ವಯಲಿನ್, 3 ವಯೊಲ, 3 ಚೆಲ್ಲೊ, ಮೂರನೇ ಕನ್ಚೆರ್ಟೊ ಎಂದು ಲೆಕ್ಕ ಹಾಕಿ ಕ್ರೈಸ್ತರ ತ್ರಿತ್ವದ ಸಂಕೇತ ಹುಡುಕುವವರಿದ್ದಾರೆ. ಕೇಳುವುದಕ್ಕೆ ಅದರಿಂದ ಮೂರುಕಾಸಿನ ಪ್ರಯೋಜನವಿಲ್ಲ.

ಹಾಗಾದರೆ ಹೇಗೆ ಕೇಳಬೇಕು?

ಮೊದಲು ಫೋನಿನ ಸ್ಪೀಕರ್ ಬಿಡಿ. ಚೆಲ್ಲೊದ ಕೆಳಗಿನ ತಂತಿ ಸುಮಾರು 65 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ, ವಯೊಲೋನೆ ಇನ್ನೂ ಕೆಳಗಿಳಿಯಬಲ್ಲದು. ಫೋನಿನ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗಿನ ದನಿ ಎಬ್ಬಿಸುವ ಶಕ್ತಿಯಿಲ್ಲ. ಹಾಗಾಗಿ ಬುಡ ಹೋಗಿ ವಯಲಿನ್‌ಗಳ ಕೀರಲು ಮಾತ್ರ ಉಳಿಯುತ್ತದೆ. ಹೆಡ್‌ಫೋನ್ ಹಾಕಿಕೊಂಡರೆ ಮೂರು ವಯಲಿನ್‌ಗಳು ಒಂದೇ ಜಾಗದಿಂದ ಬರುತ್ತಿಲ್ಲ ಎಂಬುದೂ ತಿಳಿಯುತ್ತದೆ.

ಆಮೇಲೆ ಮೊದಲ ಮೂವ್‌ಮೆಂಟನ್ನು ಮೂರು ಸಲ ಕೇಳಿ. ಮೊದಲ ಸಲ ಸುಮ್ಮನೆ. ಎರಡನೇ ಸಲ ಚೆಲ್ಲೊಗಳನ್ನು ಮಾತ್ರ ಹಿಂಬಾಲಿಸಿ, ಮೇಲೆ ಏನೇ ಗದ್ದಲವಾದರೂ ಗಮನ ಕೊಡಬೇಡಿ. ಮೂರನೇ ಸಲ ವಯೊಲಗಳು. ಇದು ಕಷ್ಟ, ಯಾಕೆಂದರೆ ಅವು ನಡುವೆ ಅಡಗಿರುತ್ತವೆ. ಆದರೆ ಈ ಕೃತಿಯಲ್ಲಿ ವಯೊಲಗಳಿಗೆ ಸಿಕ್ಕಷ್ಟು ಕೆಲಸ ಆ ಕಾಲದ ಬೇರೆ ಕನ್ಚೆರ್ಟೊಗಳಲ್ಲಿ ಅಪರೂಪ. ಸ್ವರಲಿಪಿ ಓದಲು ಬಂದರೆ ಎದುರಿಗಿಟ್ಟುಕೊಳ್ಳಿ. ಕೃತಿಗೆ ಹಕ್ಕುಸ್ವಾಮ್ಯವಿಲ್ಲ, ಹಳೆಯ ಮುದ್ರಣಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ.

ಎರಡನೇ ಮೂವ್‌ಮೆಂಟ್ ಹತ್ತು–ಹದಿನೈದು ಸೆಕೆಂಡಿಗೇ ಮುಗಿಯಿತು. ಫೈಲ್ ಕಟ್ ಆಗಿದೆಯೇ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಫೈಲ್ ಸರಿಯಾಗಿಯೇ ಇದೆ. ಬಾಖ್ ಅಲ್ಲಿ ಬರೆದಿರುವುದು ‘ಅಡಾಜಿಯೊ’ (ನಿಧಾನವಾಗಿ) ಎಂಬ ಒಂದೇ ಪದ, ಒಂದೇ ಬಾರ್ (ತಾಳದ ಆವರ್ತದಂಥ ಅಳತೆ), ಎರಡೇ ಸ್ವರಮೇಳ (ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲು).

ಹಸ್ತಪ್ರತಿಯ ಹಾಳೆ ಕಳೆದುಹೋಗಿರಬಹುದೇ ಎಂಬ ಸಂಶಯ ಸಹಜ. ಆದರೆ ಆ ಬಾರ್ ಇರುವುದು ಪುಟದ ನಡುವೆ. ಅದರ ಹಿಂದೆ ಮೊದಲ ಮೂವ್‌ಮೆಂಟಿನ ಕೊನೆ, ಮುಂದೆ ಮೂರನೆಯದರ ಆರಂಭ, ಎಲ್ಲ ಅದೇ ಪುಟದಲ್ಲಿ. ಹಾಳೆ ಹರಿದುಹೋಗುವ ಪ್ರಶ್ನೆಯೇ ಬರುವುದಿಲ್ಲ.

ಮನೆಯಲ್ಲಿ ಹಾರ್ಮೋನಿಯಂ ಅಥವಾ ಕೀಬೋರ್ಡ್ ಇದ್ದರೆ ನೀವೇ ಒತ್ತಿ ನೋಡಿ. ಮೊದಲ ಸ್ವರಮೇಳ: ಕೆಳಗೆ ಸಿ, ಮೇಲೆ ಇ ಮತ್ತು ಎ. ಎರಡನೆಯದು: ಕೆಳಗೆ ಬಿ, ಮೇಲೆ ಡಿ ಶಾರ್ಪ್ ಮತ್ತು ಎಫ್ ಶಾರ್ಪ್. ಕೆಳಗಿನ ಸ್ವರ ಅರ್ಧ ಹೆಜ್ಜೆ ಇಳಿಯುತ್ತದೆ. ಇದಕ್ಕೆ ಫ್ರಿಜಿಯನ್ ಅರ್ಧ ಮುಕ್ತಾಯ ಎನ್ನುತ್ತಾರೆ. ಎರಡನೆಯದನ್ನು ಹಿಡಿದು ನಿಂತರೆ ಕಿವಿ ಮುಂದೆ ಇ ಮೈನರ್ ಬರಬೇಕು ಎಂದು ಕಾಯುತ್ತದೆ. ಬಾಖ್ ಅದನ್ನು ಕೊಡದೆ ನೇರವಾಗಿ ಜಿ ಮೇಜರಿನಲ್ಲಿ ಕೊನೆಯ ಓಟ ಶುರುಮಾಡುತ್ತಾನೆ. ‘ಏನೋ ತಪ್ಪಿತು’ ಅಂತ ಅನಿಸಿದ್ದರೆ ನಿಮ್ಮ ಕಿವಿ ಚೆನ್ನಾಗಿದೆ ಎಂದರ್ಥ.

ವಾದಕರು ಇದನ್ನು ಮೂರು ಬಗೆಯಲ್ಲಿ ನಿಭಾಯಿಸುತ್ತಾರೆ. ಕೆಲವರು ಎರಡು ಸ್ವರಮೇಳಗಳನ್ನಷ್ಟೇ ನುಡಿಸಿ ಮುಂದೆ ಹೋಗುತ್ತಾರೆ. ಕೆಲವು ತಂಡಗಳಲ್ಲಿ ಹಾರ್ಪ್ಸಿಕಾರ್ಡ್ ಅಥವಾ ಮೊದಲ ವಯಲಿನ್‌ನವರು ಅದರ ಸುತ್ತ ಚಿಕ್ಕದೊಂದು ಮನೋಧರ್ಮದ ಆಲಾಪನೆ ಮಾಡುತ್ತಾರೆ. ಮೂರನೆಯ ಬಗೆಯವರು ಬಾಖ್‌ನದೇ ಬೇರೆ ಕೃತಿಯಿಂದ ನಿಧಾನದ ಭಾಗವೊಂದನ್ನು ತಂದು ಸೇರಿಸುತ್ತಾರೆ, ಉದಾಹರಣೆಗೆ ಜಿ ಮೇಜರ್ ವಯಲಿನ್ ಸೊನಾಟಾ ಬಿಡಬ್ಲ್ಯೂವಿ 1021ರ ಲಾರ್ಗೊ. ಎರಡು ಧ್ವನಿಮುದ್ರಣಗಳ ಒಟ್ಟು ಅವಧಿಯಲ್ಲಿ ಮೂರು–ನಾಲ್ಕು ನಿಮಿಷದ ಅಂತರ ಕಂಡರೆ ಮೊದಲು ಇದನ್ನು ಪರೀಕ್ಷಿಸಿ. ನಮ್ಮ ಮತ ಕೇಳಿದರೆ ಚಿಕ್ಕ ಆಲಾಪನೆಯೇ ವಾಸಿ. ಪೂರ್ತಿ ಮೂವ್‌ಮೆಂಟ್ ತಂದು ಸೇರಿಸಿದರೆ ಮೊದಲನೆಯದರ ಬಿಸಿ ಆರಿಹೋಗುತ್ತದೆ.

ಮೊದಲ ಮೂವ್‌ಮೆಂಟಿನ ಅರ್ಧ ದಾಟಿದ ಮೇಲೆ ಎಲ್ಲೋ ಒಂದು ಕಡೆ ಮೈ ಜುಂ ಎನ್ನುತ್ತದೆ. ಎಲ್ಲಿ ಎಂದು ಹಿಡಿಯಲಾಗುತ್ತಿಲ್ಲ.

ಬಹುಶಃ 78ನೇ ಬಾರ್‌ನಿಂದ ಮುಂದಿನ ಜಾಗ. ಅಲ್ಲಿ ಎರಡನೇ ವಯಲಿನ್ ಹಳೆಯ ‘ತಕ ತಾ’ ವಸ್ತುವನ್ನು ನುಡಿಸುತ್ತಿರುವಾಗಲೇ ಮೊದಲ ವಯಲಿನ್ ಅಲ್ಲಿಯವರೆಗೆ ಎಲ್ಲೂ ಬಾರದ ಹೊಸ ವಸ್ತುವೊಂದನ್ನು ತೆಗೆಯುತ್ತದೆ. ಅದನ್ನು ಎರಡನೇ ವಯಲಿನ್ ತೆಗೆದುಕೊಳ್ಳುತ್ತದೆ, ವಾದ್ಯಗಳು ಒಂದೊಂದಾಗಿ ಸೇರುತ್ತವೆ, ಕೊನೆಗೆ ಮೂರನೇ ವಯಲಿನ್ ಮತ್ತು ಮೂರನೇ ವಯೊಲ ಕೆಳಗಿನ ತಂತಿಗಳಲ್ಲಿ ಅದನ್ನೇ ಭಾರವಾಗಿ ಹೇಳುತ್ತವೆ. ಅಲ್ಲಿಂದ ಮುಂದೆ ಕೆಲವು ಬಾರ್‌ಗಳ ಕಾಲ ಯಾರು ಏನು ನುಡಿಸುತ್ತಿದ್ದಾರೆ ಎಂದು ಬಿಡಿಸಿ ಹೇಳಲಾಗದಂಥ ನಾದದ ಪ್ರವಾಹ. ಬಾಖ್‌ನ ಜೀವನಚರಿತ್ರೆ ಬರೆದ ಫಿಲಿಪ್ ಸ್ಪಿಟಾ 1870ರ ದಶಕದಲ್ಲೇ ಈ ಜಾಗವನ್ನು ಬೆರಳಿಟ್ಟು ತೋರಿಸಿ, ಜರ್ಮನ್ ವಾದ್ಯಸಂಗೀತದ ಅತ್ಯುತ್ತಮ ಘಟ್ಟಗಳ ಸಾಲಿಗೆ ಸೇರಿಸಿದ. ಈ ಆರು ಕೃತಿಗಳಿಗೆ ‘ಬ್ರಾಂಡೆನ್‌ಬರ್ಗ್’ ಎಂಬ ಹೆಸರು ನಿಂತದ್ದೂ ಅವನಿಂದಲೇ.

ಹುಡುಕುವ ಬಗೆ: ಮೂವ್‌ಮೆಂಟಿನಲ್ಲಿ ಒಟ್ಟು 136 ಬಾರ್‌ಗಳಿವೆ, ಪುನರಾವರ್ತನೆ ಇಲ್ಲ. ನಿಮ್ಮ ಧ್ವನಿಮುದ್ರಣದ ಅವಧಿಯನ್ನು ಸೆಕೆಂಡಿಗೆ ಇಳಿಸಿ 0.566ರಿಂದ ಗುಣಿಸಿ. 5 ನಿಮಿಷ 40 ಸೆಕೆಂಡ್ ಇದ್ದರೆ 340 × 0.566, ಅಂದರೆ ಸುಮಾರು 3 ನಿಮಿಷ 12 ಸೆಕೆಂಡಿಗೆ ಆ ಜಾಗ ಬರುತ್ತದೆ. ಐದಾರು ಸೆಕೆಂಡ್ ಆಚೀಚೆ ಆಗಬಹುದು.

ಒಂದು ಧ್ವನಿಮುದ್ರಣ ನಿಧಾನ, ಇನ್ನೊಂದು ವಿಪರೀತ ವೇಗ. ಸರಿಯಾದ ವೇಗ ಯಾವುದು?

ಮೊದಲ ಮೂವ್‌ಮೆಂಟಿಗೆ ಬಾಖ್ ವೇಗದ ಸೂಚನೆಯನ್ನೇ ಬರೆದಿಲ್ಲ. ಮುದ್ರಣಗಳಲ್ಲಿ ಕಾಣುವ ‘ಅಲೆಗ್ರೊ’ (ಚುರುಕಾಗಿ) ಸಂಪಾದಕರು ಸೇರಿಸಿದ್ದು. ಮೂರನೆಯದಕ್ಕೆ ಮಾತ್ರ ಅವನೇ ಅಲೆಗ್ರೊ ಎಂದಿದ್ದಾನೆ.

ಲೆಕ್ಕ ಸುಲಭ. ಮೊದಲನೆಯದರಲ್ಲಿ ಬಾರ್‌ಗೆ ನಾಲ್ಕರಂತೆ 544 ಎಣಿಕೆಗಳು. ನಿಮಿಷಕ್ಕೆ 84 ಎಣಿಕೆಯಾದರೆ ಸುಮಾರು ಆರೂವರೆ ನಿಮಿಷ, 96 ಆದರೆ 5 ನಿಮಿಷ 40 ಸೆಕೆಂಡ್, 104 ಆದರೆ 5 ನಿಮಿಷ 14 ಸೆಕೆಂಡ್. ಆರೂವರೆ ನಿಮಿಷ ದಾಟಿದರೆ ‘ತಕ ತಾ’ದ ತಳ್ಳು ಸತ್ತುಹೋಗಿ ಮೆರವಣಿಗೆಯ ಗತ್ತು ಬರುತ್ತದೆ. ದೊಡ್ಡ ತಂಡಗಳ ಹಳೆಯ ಧ್ವನಿಮುದ್ರಣಗಳಲ್ಲಿ ಇದನ್ನು ಕೇಳಬಹುದು, ಅದಕ್ಕೂ ಅಭಿಮಾನಿಗಳಿದ್ದಾರೆ.

ಕೊನೆಯ ಮೂವ್‌ಮೆಂಟಿನಲ್ಲಿ 48 ಬಾರ್‌ಗಳು, 12 ಮತ್ತು 36ರ ಎರಡು ಭಾಗವಾಗಿ. ಎರಡನ್ನೂ ಎರಡೆರಡು ಸಲ ನುಡಿಸಬೇಕು, ಹಾಗಾಗಿ 96 ಬಾರ್. ಪ್ರತಿ ಬಾರ್‌ನಲ್ಲಿ ನಾಲ್ಕು ಮುಖ್ಯ ಪೆಟ್ಟು, ಪೆಟ್ಟಿಗೆ ಆರು ಗಿಡ್ಡ ಸ್ವರ. ನಿಮಿಷಕ್ಕೆ 80 ಪೆಟ್ಟಾದರೆ ಸೆಕೆಂಡಿಗೆ 8 ಸ್ವರ, ಒಟ್ಟು 4 ನಿಮಿಷ 48 ಸೆಕೆಂಡ್. 96 ಪೆಟ್ಟಾದರೆ ಸೆಕೆಂಡಿಗೆ 9.6 ಸ್ವರ, ಸರಿಯಾಗಿ ನಾಲ್ಕು ನಿಮಿಷ. ಅದಕ್ಕಿಂತ ಮುಂದೆ ಹೋದರೆ ಕಮಾನು ತಂತಿಯನ್ನು ಕಚ್ಚುವ ಮೊದಲೇ ಮುಂದಿನ ಸ್ವರ ಬಂದಿರುತ್ತದೆ, ಕೇಳುಗರಿಗೆ ಗುಂಯ್‌ಗುಡುವ ಸದ್ದು ಮಾತ್ರ ದಕ್ಕುತ್ತದೆ.

ಕೊನೆಯ ಮೂವ್‌ಮೆಂಟ್ ಕೇಳಿದರೆ ನನಗೇ ಉಸಿರು ಕಟ್ಟಿದಂತಾಗುತ್ತದೆ.

ಅದು ಜಿಗ್ ಎಂಬ ಕುಣಿತದ ನಡೆ. ಮೊದಲ ವಯಲಿನ್ ಓಡಲು ಶುರುಮಾಡುತ್ತದೆ, ಎರಡನೆಯದು, ಮೂರನೆಯದು ಅದೇ ವಸ್ತುವನ್ನು ಹಿಡಿದು ಬೆನ್ನಟ್ಟುತ್ತವೆ. ಒಬ್ಬರು ನಿಲ್ಲಿಸುವಷ್ಟರಲ್ಲಿ ಇನ್ನೊಬ್ಬರು ಓಟದಲ್ಲಿರುವುದರಿಂದ ನಿಮ್ಮ ಕಿವಿಗೆ ವಿರಾಮವೇ ಸಿಗುವುದಿಲ್ಲ. ಮೂರು ಚೆಲ್ಲೊಗಳು ಇಲ್ಲಿ ಹೆಚ್ಚಾಗಿ ಒಂದೇ ಸಾಲನ್ನು ನುಡಿಸುತ್ತವೆ. ಉಸಿರು ಬೇಕೆಂದರೆ ಅವುಗಳನ್ನು ಹಿಡಿದುಕೊಳ್ಳಿ.

ಇದೆಲ್ಲ ಹೊಲಿಗೆ ಯಂತ್ರದ ಸದ್ದು ಎನ್ನುವವರಿಗೆ ಏನು ಹೇಳುವುದು?

ಆ ದೂರು ಯುರೋಪಿನಲ್ಲೂ ಹಳೆಯದು, ಪೂರ್ತಿ ಸುಳ್ಳೂ ಅಲ್ಲ. ಪ್ರತಿ ಸ್ವರಕ್ಕೂ ಒಂದೇ ಒತ್ತು, ಒಂದೇ ಉದ್ದ ಕೊಟ್ಟು ನುಡಿಸಿದರೆ ಬಾಖ್‌ನ ಕಾಲದ, ಅಂದರೆ ಬರೋಕ್ ಶೈಲಿಯ, ಯಾವ ಅಲೆಗ್ರೊ ಆದರೂ ಹಾಗೆಯೇ ಕೇಳಿಸುತ್ತದೆ. ಒಳ್ಳೆಯ ತಂಡ ‘ತಕ’ವನ್ನು ಹಗುರವಾಗಿ ಬಿಟ್ಟು ‘ತಾ’ ಮೇಲೆ ಕೂರುತ್ತದೆ, ಮುಕ್ತಾಯ ಸಮೀಪಿಸಿದಾಗ ಕೂದಲೆಳೆಯಷ್ಟು ಸಡಿಲಿಸುತ್ತದೆ. ದೂರುವವರಿಗೆ ವಾದ ಮಾಡುವ ಬದಲು ಬೇರೆ ತಂಡದ ಧ್ವನಿಮುದ್ರಣ ಕೇಳಿಸಿ.

ಯಾವ ಧ್ವನಿಮುದ್ರಣದಿಂದ ಶುರುಮಾಡಲಿ?

ಟ್ರೆವರ್ ಪಿನಕ್ ಮತ್ತು ಇಂಗ್ಲಿಷ್ ಕನ್ಸರ್ಟ್ ತಂಡದ 1982ರದು. ಹಳೆಯ ಕಾಲದ ವಾದ್ಯಗಳು, ಸ್ಪಷ್ಟ ಎಳೆಗಳು, ಅತಿ ಇಲ್ಲ. ಅದಾದ ಮೇಲೆ ಕಾರ್ಲ್ ರಿಕ್ಟರ್ ಮತ್ತು ಮ್ಯೂನಿಕ್ ಬಾಖ್ ಆರ್ಕೆಸ್ಟ್ರಾ 1967ರಲ್ಲಿ ಮಾಡಿದ್ದನ್ನು ಕೇಳಿ. ಆಧುನಿಕ ವಾದ್ಯಗಳು, ಗಟ್ಟಿ ನಾದ. ವೇಗದ ಹುಚ್ಚು ನೋಡಬೇಕೆಂದರೆ 1980ರ ದಶಕದಲ್ಲಿ ರೈನ್‌ಹಾರ್ಡ್ ಗೋಬೆಲ್ ಮುಸಿಕಾ ಆಂಟಿಕ್ವಾ ಕೋಲ್ನ್ ತಂಡದೊಂದಿಗೆ ಮಾಡಿದ್ದು. ಬಹಳ ಮಂದಿಗೆ ಅದು ಸಿಟ್ಟು ತರಿಸುತ್ತದೆ, ಹಾಗಾಗಿ ಅದರಿಂದ ಶುರುಮಾಡಬೇಡಿ. ನಿಕೊಲಾಸ್ ಹಾರ್ನೊನ್‌ಕೂರ್ 1964ರಲ್ಲಿ ಮಾಡಿದ ಧ್ವನಿಮುದ್ರಣ ಈಗ ಸ್ವಲ್ಪ ಒರಟಾಗಿ ಕೇಳಿಸೀತು. ಆದರೆ ಪುರಾತನ ವಾದ್ಯಗಳಲ್ಲಿ ನುಡಿಸುವ ದಾರಿಯನ್ನು ಗಟ್ಟಿ ಮಾಡಿದವರಲ್ಲಿ ಆತನೂ ಒಬ್ಬ.

ಎರಡು ಧ್ವನಿಮುದ್ರಣಗಳನ್ನು ಬೆನ್ನಿಗೆ ಬೆನ್ನು ಹಾಕಿದರೆ ಒಂದರ ಶ್ರುತಿ ಇಳಿದಿದೆ. ತಪ್ಪು ಯಾರದು?

ಯಾರದೂ ಅಲ್ಲ. ಆಧುನಿಕ ತಂಡಗಳು ಎ ಸ್ವರವನ್ನು 440 ಹರ್ಟ್ಸ್ ಆಸುಪಾಸಿಗೆ ಇಟ್ಟುಕೊಳ್ಳುತ್ತವೆ, ಹಳೆಯ ವಾದ್ಯಗಳವರು ಸಾಮಾನ್ಯವಾಗಿ 415ಕ್ಕೆ. ಅಂದರೆ ಅರ್ಧ ಸ್ವರ ಕಡಿಮೆ. ಹಾರ್ಮೋನಿಯಂನಲ್ಲಿ ನೋಡಿದರೆ ಮೊದಲನೆಯದು ಬಿಳಿ ಐದಕ್ಕೆ, ಎರಡನೆಯದು ಕರಿ ಮೂರಕ್ಕೆ ಕೂರುತ್ತದೆ. ನಾದ ಮೃದುವಾಗಿ ಕೇಳುವುದಕ್ಕೆ ಶ್ರುತಿಯೊಂದೇ ಕಾರಣವಲ್ಲ, ಲೋಹದ ಬದಲು ಕರುಳಿನ ತಂತಿ, ಹಗುರವಾದ ಕಮಾನು ಎರಡೂ ಸೇರಿವೆ.

ಕರ್ನಾಟಕ ಸಂಗೀತ ಕೇಳಿ ಬೆಳೆದವರು ನಾವು. ಇದು ಬರೀ ಶಂಕರಾಭರಣದಂತಿದೆ, ಆದರೂ ಹಿಡಿತಕ್ಕೆ ಸಿಗುವುದಿಲ್ಲ.

ಮೇಜರ್ ಸ್ಕೇಲಿನ ಸ್ವರಸ್ಥಾನಗಳು ಶಂಕರಾಭರಣದವೇ ಹೌದು. ದೀಕ್ಷಿತರ ನೊಟ್ಟುಸ್ವರಗಳನ್ನು ಕೇಳಿದವರಿಗೆ ಗಮಕವಿಲ್ಲದ ಶಂಕರಾಭರಣ ಹೊಸದೇನಲ್ಲ. ತೊಡಕು ಇರುವುದು ಬೇರೆ ಕಡೆ: ಇಲ್ಲಿ ಷಡ್ಜ ಕದಲುತ್ತದೆ. ಜಿ ಇಂದ ಹೊರಟ ಸಂಗೀತ ಡಿ ಮೇಜರಿಗೆ ಹೋದಾಗ ಹಳೆಯ ಪಂಚಮವೇ ಹೊಸ ಷಡ್ಜವಾಗುತ್ತದೆ. ಅದಕ್ಕೆ ಬೇಕಾದ ಕಾಕಲಿ ನಿಷಾದ, ಹಳೆಯ ಷಡ್ಜದಿಂದ ಎಣಿಸಿದರೆ, ಪ್ರತಿ ಮಧ್ಯಮ. ಕಿವಿ ಒಂದೇ ಆಧಾರಕ್ಕೆ ಅಂಟಿಕೊಂಡಿದ್ದರೆ ಶುದ್ಧ ಮಧ್ಯಮದ ರಾಗದಲ್ಲಿ ಇದೆಲ್ಲಿಂದ ಬಂತು ಎಂದು ಗಲಿಬಿಲಿಯಾಗುತ್ತದೆ.

ಒಂದು ಪ್ರಯೋಗ ಮಾಡಿ. 440ರ ಧ್ವನಿಮುದ್ರಣ ಹಾಕಿ, ಬಿಳಿ ಐದಕ್ಕೆ ಶ್ರುತಿ ಪೆಟ್ಟಿಗೆ ಇಟ್ಟು ಮೊದಲ ಎಂಟು ಬಾರ್, ಸುಮಾರು 20 ಸೆಕೆಂಡ್ ಕೇಳಿ. ಬಹುಮಟ್ಟಿಗೆ ಹೊಂದುತ್ತದೆ. ಹಾಗೇ ಬಿಟ್ಟರೆ ಮುಂದೆ ಎಲ್ಲೆಲ್ಲಿ ಕಚ್ಚಾಡುತ್ತದೋ ಅಲ್ಲೆಲ್ಲ ಷಡ್ಜ ಜಾಗ ಬಿಟ್ಟಿದೆ ಎಂದು ತಿಳಿಯಿರಿ. ಒಮ್ಮೆ ಇದನ್ನು ಕಂಡುಕೊಂಡ ಮೇಲೆ ಶ್ರುತಿ ಪೆಟ್ಟಿಗೆ ಆರಿಸಿ. ಇಂಥ ಸಂಗೀತವನ್ನು ತಂಬೂರಿಯ ಜೊತೆ ಕೇಳುವುದು ಕಿವಿಗೆ ಕೊಡುವ ಶಿಕ್ಷೆ.

ಕೊಂಬು, ಓಬೊ ಎಂಬ ಊದುವ ವಾದ್ಯಗಳು ಸೇರಿರುವ ರೂಪ ಕೇಳಿದೆ. ಅದು ಯಾರ ಕಿತಾಪತಿ?

ಬಾಖ್‌ನದೇ. 1729ರ ಜೂನ್ 6ರಂದು ಲೈಪ್‌ಜಿಗ್‌ನಲ್ಲಿ ಹಾಡಿಸಿದ 174ನೇ ಕಂಟಾಟಾ ಎಂಬ ಚರ್ಚಿನ ಹಾಡುಕೃತಿಯ ಪೀಠಿಕೆಯಾಗಿ ಅವನು ಮೊದಲ ಮೂವ್‌ಮೆಂಟನ್ನು ಮತ್ತೆ ಬಳಸಿದ. ಎರಡು ಕೊಂಬು, ಮೂರು ಓಬೊ ಜಾತಿಯ ವಾದ್ಯಗಳನ್ನು ಸೇರಿಸಿದ. ಕೇಳಲೇಬೇಕಾದ್ದು.

ಸಿಂಥಸೈಸರಿನಲ್ಲಿ ನುಡಿಸಿದ್ದು ಅಪಚಾರವಲ್ಲವೇ?

ವೆಂಡಿ ಕಾರ್ಲೋಸ್ 1968ರಲ್ಲಿ ಮೋಗ್ ಸಿಂಥಸೈಸರಿನಲ್ಲಿ ಮಾಡಿದ ‘ಸ್ವಿಚ್ಡ್-ಆನ್ ಬಾಖ್’ ಬಂದಾಗ ಈ ಮಾತು ಎದ್ದಿತ್ತು. ಆ ಯಂತ್ರ ಒಂದು ಸಲಕ್ಕೆ ಒಂದೇ ಸ್ವರ ನುಡಿಯುತ್ತಿತ್ತು. ಹಾಗಾಗಿ ಪ್ರತಿ ಎಳೆಯನ್ನೂ ಬೇರೆಬೇರೆಯಾಗಿ ಟೇಪಿಗೆ ಹಾಕಿ ಒಂದರ ಮೇಲೊಂದು ಹೇರಬೇಕಾಯಿತು. ಪರಿಣಾಮ ಏನೆಂದರೆ, ಒಂದೊಂದು ಎಳೆಗೂ ಒಂದೊಂದು ಬಣ್ಣ. ತಂತಿವಾದ್ಯಗಳಲ್ಲಿ ಕಲಸಿಹೋಗುವ ಒಳದನಿಗಳು ಅಲ್ಲಿ ಬಿಡಿಬಿಡಿಯಾಗಿ ಕೇಳುತ್ತವೆ. ವಯೊಲ ಹಿಂಬಾಲಿಸಲು ಆಗದವರು ಒಮ್ಮೆ ಇದನ್ನು ಕೇಳಿ, ಆಮೇಲೆ ಪಿನಕ್‌ಗೆ ಮರಳಿ. ಎರಡು ಸ್ವರಮೇಳಗಳ ಜಾಗದಲ್ಲಿ ಕಾರ್ಲೋಸ್ ತಮ್ಮದೇ ಕಲ್ಪನೆಯನ್ನು ತುಂಬಿದ್ದಾರೆ. ಅದನ್ನು ಬಾಖ್ ಎಂದುಕೊಳ್ಳಬೇಡಿ.

ಬಾಖ್‌ನ ಕಾಲದ ಜನ ಇದನ್ನು ಕೇಳಿ ಏನಂದರು?

1721ರ ಮಾರ್ಚ್ 24ರ ದಿನಾಂಕ ಹಾಕಿ, ಕೋತೆನ್ ಆಸ್ಥಾನದಲ್ಲಿದ್ದ ಬಾಖ್ ಆರೂ ಕೃತಿಗಳ ಶುದ್ಧಪ್ರತಿಯನ್ನು ಬ್ರಾಂಡೆನ್‌ಬರ್ಗ್‌ನ ಮಾರ್ಗ್ರೇವ್ (ಒಂದು ಜರ್ಮನ್ ರಾಜಪದವಿ) ಕ್ರಿಸ್ಟಿಯನ್ ಲುಡ್ವಿಗ್‌ಗೆ ಅರ್ಪಿಸಿದ. ಅಲ್ಲಿ ಅದನ್ನು ನುಡಿಸಿದ್ದಕ್ಕೆ ದಾಖಲೆಯಿಲ್ಲ. 1734ರಲ್ಲಿ ಮಾರ್ಗ್ರೇವ್ ತೀರಿಕೊಂಡ ಮೇಲೆ ಹಸ್ತಪ್ರತಿ ಚಿಲ್ಲರೆ ಬೆಲೆಗೆ ಹೋಯಿತು. 1849ರಲ್ಲಿ ಬರ್ಲಿನ್‌ನಲ್ಲಿ ಜೀಗ್‌ಫ್ರೀಡ್ ಡೇನ್ ಅದನ್ನು ಪತ್ತೆಹಚ್ಚಿದ, ಮರುವರ್ಷ ಅಚ್ಚಾಯಿತು. ಹಾಗಾಗಿ ವ್ಯಾಪಕವಾದ ಕೇಳುಗರ ಚರಿತ್ರೆ ಶುರುವಾಗುವುದು ಕೃತಿಗೆ 129 ವರ್ಷ ತುಂಬಿದ ಮೇಲೆ.

ವಾಯೇಜರ್ ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಹೋದದ್ದು ಇದೇ ಅಲ್ಲವೇ?

ಅಲ್ಲ, ಎರಡನೇ ಬ್ರಾಂಡೆನ್‌ಬರ್ಗ್‌ನ ಮೊದಲ ಮೂವ್‌ಮೆಂಟ್. ನೌಕೆಯಲ್ಲಿಟ್ಟ ಅದೇ ಚಿನ್ನಲೇಪಿತ ಧ್ವನಿತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ.

ಮಕ್ಕಳಿಗೆ ಕೇಳಿಸಿದರೆ ಬುದ್ಧಿ ಚುರುಕಾಗುತ್ತದಂತೆ?

ಆ ಮಾತು ಹುಟ್ಟಿದ್ದು 1993ರ ಒಂದು ಪ್ರಯೋಗದಿಂದ. ಅದರಲ್ಲಿ ಬಳಸಿದ್ದು ಮೊಝಾರ್ಟ್ ಎರಡು ಪಿಯಾನೊಗಳಿಗೆ ಬರೆದ ಒಂದು ಸೊನಾಟಾ, ಕೇಳಿದವರು ಕಾಲೇಜು ವಿದ್ಯಾರ್ಥಿಗಳು, ಪರಿಣಾಮ ಉಳಿದದ್ದು ಹತ್ತು–ಹದಿನೈದು ನಿಮಿಷ. ಬಾಖ್‌ಗೂ ಕೂಸುಗಳಿಗೂ ಅದರಲ್ಲಿ ಪಾತ್ರವೇ ಇಲ್ಲ. ಮಕ್ಕಳು ಕುಣಿದರೆ ಕುಣಿಯಲಿ.

ನಮ್ಮ ತಂತಿವಾದ್ಯ ತಂಡ ಇದನ್ನು ನುಡಿಸಿತು. ಕೇಳಿದವರೆಲ್ಲ ಗೋಜಲಾಗಿತ್ತು ಎಂದರು. ಎಲ್ಲಿ ಎಡವಿದೆವು?

ಮೊದಲು ಸಭಾಂಗಣ. ಸೆಕೆಂಡಿಗೆ 8 ಸ್ವರದ ವೇಗದಲ್ಲಿ ನುಡಿಸಿ, ಸಭಾಂಗಣದಲ್ಲಿ ಅನುರಣನ (ದನಿ ನಿಂತ ಮೇಲೂ ಉಳಿಯುವ ಮೊಳಗು) 2 ಸೆಕೆಂಡ್ ಇದ್ದರೆ 16 ಸ್ವರಗಳು ಒಂದರ ಮೇಲೊಂದು ಬೀಳುತ್ತವೆ. ಅಂಥಲ್ಲಿ ವೇಗ ಇಳಿಸಿ, ಉದ್ದ ಸ್ವರಗಳನ್ನು ಅರ್ಧಕ್ಕೇ ಬಿಟ್ಟು ನಡುವೆ ಗಾಳಿಯಾಡಲು ಬಿಡಿ.

ಎರಡನೆಯದು ಜನಸಂಖ್ಯೆ. ಎಳೆಗೆ ಒಬ್ಬರಂತೆ 11 ಜನ ಸಾಕು. ಎಳೆಗೆ ಇಬ್ಬರಾದಾಗ ದನಿ ದೊಡ್ಡದಾಗುವುದಕ್ಕಿಂತ ಹೆಚ್ಚಾಗಿ ಅಂಚು ಮಸುಕಾಗುತ್ತದೆ, ಯಾಕೆಂದರೆ ಜೋಡಿಯ ಇಬ್ಬರೂ ‘ತಕ’ವನ್ನು ಒಂದೇ ಕ್ಷಣಕ್ಕೆ ಬಿಡುವುದು ಕಷ್ಟ. ಮೂವರು ವಯೊಲದವರು ಸಿಗದೆ ಆ ಜಾಗಕ್ಕೆ ವಯಲಿನ್ ಕೂರಿಸುವುದೂ ಉಂಟು. ವಯಲಿನ್‌ಗೆ ಜಿ ತಂತಿಯ ಕೆಳಗೆ ಸ್ವರವಿಲ್ಲ, ವಯೊಲದ ಸಾಲು ಅದಕ್ಕಿಂತ ಕೆಳಗೂ ಇಳಿಯುತ್ತದೆ. ಆಗ ಸ್ವರಗಳನ್ನು ಮೇಲಿನ ಸ್ಥಾಯಿಗೆ ಎತ್ತಬೇಕಾಗಿ ಬಂದು, ನಡುಭಾಗ ಟೊಳ್ಳಾಗಿ ಮೇಲ್ಭಾಗ ಕಿಕ್ಕಿರಿಯುತ್ತದೆ.

ಕೂರುವ ಕ್ರಮವೂ ಮುಖ್ಯ. ಅರ್ಧಚಂದ್ರಾಕಾರದಲ್ಲಿ ಎಡದಿಂದ ಬಲಕ್ಕೆ ವಯಲಿನ್, ವಯೊಲ, ಚೆಲ್ಲೊ ಎಂದು ಕೂತರೆ ಎಳೆ ಒಬ್ಬರಿಂದ ಒಬ್ಬರಿಗೆ ದಾಟುವುದು ಕಣ್ಣಿಗೂ ಕಾಣುತ್ತದೆ. ಹಾರ್ಪ್ಸಿಕಾರ್ಡ್ ಹಿಂದಿನ ಸಾಲಿಗೆ ಕೇಳಿಸಲಿಲ್ಲವೆಂದು ಮೈಕ್ ಇಡಬೇಡಿ. ಅದರ ಚುಟುಕು ದನಿ ಈ ಕೃತಿಯಲ್ಲಿ ಲಯಕ್ಕೆ ಅಂಚು ಕಟ್ಟಲು ಇರುವುದು, ಎದ್ದು ಕೇಳಲು ಅಲ್ಲ.

ಕಛೇರಿಯಲ್ಲಿ ಎಲ್ಲಿ ಚಪ್ಪಾಳೆ ತಟ್ಟಬೇಕು?

ಕೊನೆಯ ಮೂವ್‌ಮೆಂಟ್ ಮುಗಿದ ಮೇಲೆ. ಎರಡು ಸ್ವರಮೇಳಗಳಾದ ಮೇಲಿನ ಮೌನದಲ್ಲಿ ಮಾತ್ರ ಬೇಡ. ಆಗ ಎಲ್ಲರ ಕಮಾನೂ ತಂತಿಯ ಮೇಲೇ ಇರುತ್ತದೆ.